ಸ್ವಂತ ವಾಕ್ಯದಲ್ಲಿ ಬಳಸಿರಿ

ಪ್ರಶ್ನೆ ಹದಿನಾಲ್ಕು, ಎರಡು ಅಂಕ:
‘ಸಹಬಾಳ್ವೆ’ ಪದಕ್ಕೆ ಸಮಾನಾರ್ಥಕ ಬರೆದು
ಸ್ವಂತ ವಾಕ್ಯದಲ್ಲಿ ಬಳಸಿರಿ.

ಕೇಳಿದವಳು ನಾನೇ. ಗಾಜನೂರಿನ ಎಂಟನೇ ಕ್ಲಾಸು,
ನಲವತ್ತೊಂದು ಪೇಪರು, ಕೆಂಪು ರೀಫಿಲ್ಲು ಮುಗಿಯುತ್ತ ಬಂದಿದೆ.
ವಿನೋಬನಗರದ ಈ ಬಾಡಿಗೆ ಮನೆಯಲ್ಲಿ
ಇರುವುದೊಂದೇ ಮೇಜು. ಆ ತುದಿಯಲ್ಲಿ
ವನಮಾಲತ್ತಿಗೆ ಕೆಂಪು ಹರಿವೆ ಬಿಡಿಸುತ್ತಿದ್ದಾರೆ.

ಸಕ್ರೆಬೈಲಿನ ಕಾವಾಡಿಯ ಮಗ ಇಮ್ತಿಯಾಜ್:
‘ಜೊತೆ. ನಮ್ಮ ಅಬ್ಬಾ ಮತ್ತು ಹೊಸ ಆನೆ ಜೊತೆಗಿದ್ದಾರೆ.
ಆನೆ ಇನ್ನೂ ಒಪ್ಪಿಲ್ಲ.’
ವ್ಯಾಕರಣದಲ್ಲಿ ತಪ್ಪಿಲ್ಲ. ಎರಡಕ್ಕೆ ಎರಡು.

ತನುಶ್ರೀ: ‘ಹೊಂದಾಣಿಕೆ. ನಮ್ಮ ಅಜ್ಜಿಗೂ ಅಮ್ಮನಿಗೂ
ತುಂಬಾ ಹೊಂದಾಣಿಕೆ. ಮಾತು ಬಿಟ್ಟು ಮೂರು ವರ್ಷ ಆಯಿತು.’

ನಿಶ್ಚಿತ್: ‘ನಮ್ಮ ತಾತನ ಗದ್ದೆ ಡ್ಯಾಮಿನ ಒಳಗಿದೆ.
ಗದ್ದೆ ಮತ್ತು ಮೀನು ಸಹಬಾಳ್ವೆ ನಡೆಸುತ್ತಿವೆ.’
ಸಮಾನಾರ್ಥಕ ಬರೆದಿಲ್ಲ. ಒಂದು ಕಳೆದೆ.
ಪೇಪರು ಮಗುಚಿಟ್ಟು, ಮತ್ತೆ ತೆಗೆದು
ಅರ್ಧ ಸೇರಿಸಿದೆ.

ಮಾದರಿ ಉತ್ತರ ನಾನೂ ಬರೆದುಕೊಡಬೇಕು.
ಸಹಜೀವನ, ಒಡನಾಟ, ಕೂಡುಬಾಳು:
ಇಸ್ತ್ರಿ ಮಾಡಿಟ್ಟ ಪದಗಳು,
ಭಾಷಣದ ದಿನ ಮಾತ್ರ ಪೆಟ್ಟಿಗೆಯಿಂದ ಹೊರಗೆ.
ಯಾರ ಬಾಯಲ್ಲಿ ಕೇಳಿದ್ದೇನೆ ಇವನ್ನು?

ಸಹವಾಸ ಅಂದರೆ ಜೊತೆಗಿರುವುದು, ನಿಘಂಟಿನಲ್ಲಿ.
ಬೀದಿಯಲ್ಲಿ ‘ಸಾಕಪ್ಪ, ನಿನ್ನ ಸಹವಾಸ.’
ಕೂಡು ಅಂದರೆ ಸೇರು,
ಇಲ್ಲಿಂದ ಇಳಿದುಹೋದ ತುಂಗೆ
ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿದ ಹಾಗೆ.
ಅದರ ಬೆನ್ನಿಗೆ ಹಾಕು ಬಂದರೆ ಕೂಡಿಹಾಕು;
ಅರ್ಥ ಬೇಕಾದರೆ ಇಮ್ತಿಯಾಜನ ಆನೆಯನ್ನು ಕೇಳಿ.
ಬಾಲಕ್ಕೊಂದು ‘ದು’ ಅಂಟಿದರೆ, ಕೂಡದು.
ಅವನಿಗೆ ಇಷ್ಟದ ಕ್ರಿಯಾಪದ ಅದು.
ಹೊಸಿಲಲ್ಲಿ ನಿಲ್ಲಕೂಡದು. ಜೋರಾಗಿ ನಗಕೂಡದು.

ಏಗು ಎಂಬುದು ಅಮ್ಮನ ಪದ.
‘ನಿಮ್ಮಪ್ಪನ ಜೊತೆ ನಲವತ್ತು ವರ್ಷ ಏಗಿದ್ದೀನಿ’ ಅನ್ನುತ್ತಿದ್ದಳು.
ಯಾರಾದರೂ ಅದನ್ನು ಬರೆದಿದ್ದರೆ ಪೂರ್ತಿ ಅಂಕ.
ನಾನು ಏಗಿದ್ದು ಒಂಬತ್ತು. ಆಮೇಲೆ ಅವನು ಹರಿಹರಕ್ಕೆ ಹೋದ,
ಇನ್ನೊಬ್ಬಳ ಜೊತೆ.
ಅವನ ಅಕ್ಕ ಹೋಗಲಿಲ್ಲ.
‘ಅನ್ನಕ್ಕಿಟ್ಟಿದ್ದೀನಿ’ ಅಂದರು ಆವತ್ತು, ಅಷ್ಟೇ.

ಆರು ವರ್ಷ.
ರೇಷನ್ ಕಾರ್ಡಿನ ಗುಮಾಸ್ತ ಕೇಳಿದ,
‘ಈಗ ನಿಮಗೂ ಇವರಿಗೂ ಏನು ಸಂಬಂಧ ಮೇಡಂ?’
ಆ ಕಾಲಂ ಹಾಗೇ ಬಿಟ್ಟು ಬಂದೆ,
ಬಾರದ ಪ್ರಶ್ನೆಯನ್ನು ಮಕ್ಕಳು ಬಿಡುವಂತೆ.

ನಮಗೆ ಹೊಂದುವುದಿಲ್ಲ. ಅವರಿಗೆ ಸೀರಿಯಲ್ಲು ಜೋರಾಗಿ ಬೇಕು,
ನನಗೆ ಕಿಟಕಿ ತೆರೆದಿರಬೇಕು.
ಸಾರಿಗೆ ಬೆಲ್ಲ ಹಾಕುತ್ತಾರೆ, ಬೇಡ ಬೇಡ ಅಂದರೂ.
‘ಸಹ’ದ ಒಳಗೆ ಸಹಿಸು ಕೂತಿದೆ, ಗೊತ್ತು, ಪಾಠ ಮಾಡಿದ್ದೇನೆ.
‘ನಾನು ಸಹ’ ಅನ್ನುವ ಸಹವೂ ಅದೇ ಅಕ್ಷರ.
ಹೋದ ಶ್ರಾವಣದಲ್ಲಿ ನನಗೆ ಜ್ವರ ಬಂದು ಊಟ ಬಿಟ್ಟಾಗ
ಅವರು ಸಹ ಉಣ್ಣಲಿಲ್ಲ.
ಯಾಕೆಂದು ಕೇಳಿದರೆ ‘ಹಸಿವಿರಲಿಲ್ಲ’ ಅಂದರು.

ಕೊನೇ ಪೇಪರು ಹಾಲೇಶನದು. ಹದಿನಾಲ್ಕು ಖಾಲಿ.
ಸಂಜೆ ನನ್ನ ಬಸ್ಸಿಗೇ ಹತ್ತುವ ಹುಡುಗ.
ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಮಾಡಿ
ತಾನು ಒಂದೇ ತೊಡೆಯ ಮೇಲೆ ತೂಗುತ್ತ
ಹೊಳೆ ಬಸ್‌ ಸ್ಟಾಪಿನವರೆಗೆ ಬರುತ್ತಾನೆ.
ಬರೆಯಲು ಬಾರದು. ಏನು ಮಾಡಲಿ?

‘ಸ್ವಲ್ಪ ಸರಿ’ ಅಂದರು ಅತ್ತಿಗೆ.
ಹರಿವೆಯ ದಂಟು ಮೇಜಿನ ನಡುವಿಗೆ ಬಂದಿತ್ತು.
ಸರಿದೆ. ಪೇಪರುಗಳೂ ಸರಿದವು.
ಹಾಲೇಶನ ಖಾಲಿ ಜಾಗದ ಪಕ್ಕ
‘ಸರಿ’ ಎಂದು ಬರೆಯಹೊರಟೆ;
ರೀಫಿಲ್ಲು ಮುಗಿದು ಗೀರು ಮಾತ್ರ ಬಿತ್ತು.

ಹಸಿರು ಪೆನ್ನಿದೆ. ಅದು ಹೆಡ್‌ಮಾಸ್ಟರರದು, ಮುಟ್ಟುವಂತಿಲ್ಲ.
ಹುಡುಕಾಡಿ ತಿರುಗಿ ನೋಡಿದರೆ
ಉತ್ತರವಿರಬೇಕಾದ ಕಡೆಗೆ
ಹರಿವೆಯ ಕೆಂಪು ಹರಡಿಕೊಂಡಿದೆ.
ನಾಳೆ ಅವನು ‘ಇದೆಷ್ಟು ಮಾರ್ಕ್ಸು ಮಿಸ್?’ ಅಂದರೆ
ಏನೆನ್ನಲಿ?